ಒನ್ಸ್ ಮೋರ್ ಇಲ್ಲದ ಆಟ

(ಚನ್ನಪಟ್ಟಣದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ಈ ದತ್ತಿ ಇಟ್ಟವರು ತಮ್ಮ ಹೆಸರು ಹೇಳಕೂಡದು ಅಂತ ಒಂದು ಷರತ್ತು ಹಾಕಿದ್ದಾರೆ. ವಿಷಯ ಜಾನಪದಕ್ಕೆ ಹತ್ತಿರ ಇರಬೇಕು ಅನ್ನೋದು ಎರಡನೇ ಷರತ್ತು. ನಾನು ಮಾತಾಡಲು ಹೊರಟಿರುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನವರು 1974ರಲ್ಲಿ ಹೊರತಂದ ಒಂದು ಆಟದ ಬಗ್ಗೆ. ಇದು ಜಾನಪದಕ್ಕೆ ಎಷ್ಟು ಹತ್ತಿರ ಅಂತ ಸಂಘಟಕರು ಫೋನಿನಲ್ಲಿ ಕೇಳಿದರು. ನಮ್ಮಪ್ಪನಷ್ಟು ಹತ್ತಿರ ಅಂದೆ. ಅವರು ಎರಡನೇ ಸಾಲಿನಲ್ಲೇ ಕೂತಿದ್ದಾರೆ. ನಾನು ತಪ್ಪು ಹೇಳಿದರೆ ಅಲ್ಲಿಂದಲೇ ಕೆಮ್ಮುತ್ತಾರೆ.

ಅಪ್ಪನಿಂದಲೇ ಶುರು ಮಾಡುತ್ತೇನೆ. 1981ರ ಬೇಸಿಗೆ, ನಮ್ಮೂರ ಹಬ್ಬಕ್ಕೆ 'ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ' ಆಡಬೇಕೆಂದು ತೀರ್ಮಾನವಾಯಿತು. ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಆದರೂ ಅಚ್ಚಾದ ಮೇಲೆ ಹೊರಗಿನವರೂ ಓದಿಯಾರು ಅಂತ ಹೇಳುತ್ತೇನೆ. ನಮ್ಮಲ್ಲಿ ಪೌರಾಣಿಕ ನಾಟಕದಲ್ಲಿ ಪಾತ್ರ ಮಾಡುವವನಿಗೆ ಯಾರೂ ದುಡ್ಡು ಕೊಡುವುದಿಲ್ಲ, ಪಾತ್ರ ಮಾಡುವವನೇ ಕೊಡಬೇಕು. ಹಾರ್ಮೋನಿಯಂ ಮೇಷ್ಟ್ರ ಸಂಬಳ, ಸೀನರಿ ಬಾಡಿಗೆ, ಡ್ರೆಸ್ಸು, ಹೊರಗಿನಿಂದ ಕರೆಸುವ ಸ್ತ್ರೀ ಪಾತ್ರಧಾರಿಗಳ ಸಂಭಾವನೆ, ಎಲ್ಲವೂ ಅದರಲ್ಲೇ ಹೊರಡಬೇಕು. ಕೃಷ್ಣ, ದುರ್ಯೋಧನರಿಗೆ ರೇಟು ಜಾಸ್ತಿ. ವಿದುರ ಅಗ್ಗಕ್ಕೆ ಸಿಗುತ್ತಾನೆ. ಕೃಷ್ಣನಾಗಲು ಪೈಪೋಟಿ ಬಿದ್ದರೆ ಪಾತ್ರವನ್ನೇ ಭಾಗ ಮಾಡಿ, ಕರಪತ್ರದಲ್ಲಿ 1ನೇ ಕೃಷ್ಣ, 2ನೇ ಕೃಷ್ಣ ಅಂತ ಅಚ್ಚು ಹಾಕಿಸುತ್ತಾರೆ. ಆಸ್ತಿ ಪಾಲಾಗುವ ಮನೆಯಲ್ಲಿ ಇಷ್ಟು ಸಮಾಧಾನವಾಗಿ ಪಾಲಾಗುವುದನ್ನು ನಾನು ಕಂಡಿಲ್ಲ.

ದುರ್ಯೋಧನನಿಗಾಗಿ ಅಪ್ಪ ಒಂದು ಜೊತೆ ಹೋರಿಗರು ಮಾರಿದರು. ಅಮ್ಮ ಮೂರು ದಿನ ಮಾತು ಬಿಟ್ಟರು. ನಾಲ್ಕು ತಿಂಗಳು ರಾತ್ರಿ ತಾಲೀಮು. ಎಂಟು ವರ್ಷದ ನಾನು ತಾಲೀಮು ಮನೆಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ನಿದ್ದೆ ಮಾಡುತ್ತಾ ಕಲಿತಿದ್ದು ಒಂದೇ ಪಾಠ: ಮೇಷ್ಟ್ರು ಯಾರ ಪಕ್ಷವೂ ಅಲ್ಲ. ಪಾಂಡವರಿಗೂ ಶ್ರುತಿ ಕೊಡುವವರು ಅವರೇ, ಕೌರವರಿಗೂ ಅವರೇ. ಪಾತ್ರಧಾರಿ ಮಾತು ಮರೆತರೆ ಒಂದು ಆಲಾಪ ಎಳೆದು ಅವನಿಗೆ ಉಸಿರು ಕೊಡುತ್ತಾರೆ. ಪಾತ್ರ ಅವನದು, ಅದು ನಡೆಯುವ ಲೋಕ ಮೇಷ್ಟ್ರದ್ದು. ಮುಂದೆ ನಾನು ಹೇಳುವ ಪರದೇಶದ ಆಟದಲ್ಲಿ ಹೀಗೇ ಒಬ್ಬ ಇರುತ್ತಾನೆ. ಅವನಿಗೆ ಅವರದೇ ಇಂಗ್ಲಿಷ್ ಹೆಸರಿದೆ; ನಮ್ಮ ಮೇಜಿನಲ್ಲಿ ಅವನು ಮೇಷ್ಟ್ರು, ಅಷ್ಟೇ.

ಹಬ್ಬದ ರಾತ್ರಿ ಅಪ್ಪ ತೊಡೆ ಮುರಿಸಿಕೊಂಡು ಬಿದ್ದರು. ಬಿದ್ದ ಮೇಲೆ ಹಾಡಿದರು. ಜನ 'ಒನ್ಸ್ ಮೋರ್' ಅಂತ ಕೂಗಿದರು. ಸಾಯಲು ಬಿದ್ದ ದುರ್ಯೋಧನ ಎದ್ದು ನಿಂತು, ಕಿರೀಟ ಸರಿ ಮಾಡಿಕೊಂಡು, ಅದೇ ಪದ್ಯವನ್ನು ಇನ್ನೊಂದು ಸಲ ಹಾಡಿ, ಮತ್ತೆ ಬಿದ್ದ. ನನಗೆ ಆಗ ಬಂದ ಅನುಮಾನ ಇವತ್ತಿಗೂ ಪೂರ್ತಿ ಹೋಗಿಲ್ಲ. ಎದ್ದು ನಿಂತವನು ಮತ್ತೆ ಬೀಳಲೇಬೇಕಾ? ಗದೆ ಕೈಯಲ್ಲೇ ಇತ್ತಲ್ಲ?

ಇದು ಪಾತ್ರದ ಕಡೆಯ ಕಥೆ. ದಾಳದ ಕಡೆಯದು ಅಜ್ಜಿಯದು.

ನಮ್ಮ ಮನೆಯಲ್ಲಿ ಪಗಡೆ ಹಾಸು ಇಡುತ್ತಿರಲಿಲ್ಲ. ಇಟ್ಟರೆ ಮನೆಯಲ್ಲಿ ಜಗಳ ಅಂತ ನಂಬಿಕೆ; ಧರ್ಮರಾಯನ ಪಾಡು ಗೊತ್ತಲ್ಲ. ಆದರೆ ಚೌಕಾಬಾರಕ್ಕೆ ಅಡ್ಡಿ ಇರಲಿಲ್ಲ. ಅಜ್ಜಿ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಐದೈದು ಇಪ್ಪತ್ತೈದು ಮನೆ ಬರೆದು, ಕಟ್ಟೆಗಳಿಗೆ ಅಡ್ಡಗೆರೆ ಹಾಕುತ್ತಿತ್ತು. ಕವಡೆಯ ಬದಲು ಹುಣಿಸೆ ಬೀಜ: ಒಂದು ಮಗ್ಗುಲು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದ ನಾಲ್ಕು ಬೀಜ. ನಾಲ್ಕೂ ಬೆಳ್ಳಗೆ ಬಿದ್ದರೆ ಚೌಕ, ನಾಲ್ಕೂ ಕಪ್ಪಾದರೆ ಬಾರ, ಅಂದರೆ ಎಂಟು. ನಡುವಿನ ಮನೆ ಸೇರಿದ ಕಾಯಿ ಹಣ್ಣಾಯಿತು. ಅಜ್ಜಿಯ ಕಾಯಿಗಳಿಗೆ ಹೆಸರಿದ್ದವು. ಬಳೆಚೂರು 'ದೊಡ್ಡವಳು', ಹೊಂಗೆ ಬೀಜ 'ಬಡವ'. ಬಡವನ ಕಾಯಿಯನ್ನು ನಾನು ಕಡಿದರೆ ಅಜ್ಜಿ ನಿಜವಾಗಿ ನೊಂದುಕೊಳ್ಳುತ್ತಿತ್ತು: 'ಪಾಪ, ಮಕ್ಕಳೊಂದಿಗ ಕಣೋ ಅವನು.' ಆಟದ ಕಾಯಿಗೆ ಹೆಂಡತಿ ಮಕ್ಕಳನ್ನು ಕೊಟ್ಟ ಮೊದಲ ಆಟಗಾರ್ತಿ ನನ್ನ ಪಾಲಿಗೆ ಅಜ್ಜಿಯೇ.

ಅಮೆರಿಕದಲ್ಲೂ ಸರಿಸುಮಾರು ಹೀಗೇ ಆಯಿತು ಅಂತ ಆಮೇಲೆ ಓದಿಕೊಂಡೆ. ಮೊದಲಿದ್ದದ್ದು ಯುದ್ಧದ ಆಟ. ಪ್ರಷ್ಯಾದ ಸೈನ್ಯಾಧಿಕಾರಿ ರೈಸ್‌ವಿಟ್ಸ್ 1824ರಲ್ಲಿ ನಕ್ಷೆಯ ಮೇಲೆ ತುಕಡಿಗಳನ್ನು ನಡೆಸುವ ಆಟಕ್ಕೆ ನಿಯಮ ಬರೆದ. ಅದರಲ್ಲಿ ಎರಡು ಪಕ್ಷದ ನಡುವೆ ಕೂತು ತೀರ್ಪು ಹೇಳುವ ಒಬ್ಬನಿದ್ದ. 1969ರಲ್ಲಿ ಅಮೆರಿಕದ ಅವಳಿ ನಗರ ಮಿನಿಯಾಪೊಲಿಸ್–ಸೇಂಟ್ ಪಾಲ್‌ನಲ್ಲಿ ಡೇವಿಡ್ ವೆಸ್ಲಿ ಎಂಬಾತ, ಯುದ್ಧ ನಡೆಯುವ ಊರಿನ ಜನರ ಪಾತ್ರವನ್ನೂ ಗೆಳೆಯರಿಗೆ ಒಂದೊಂದಾಗಿ ಹಂಚಿದ. ಅವರೆಲ್ಲ ಯುದ್ಧ ಮರೆತು ತಮ್ಮತಮ್ಮ ಪಾತ್ರದಲ್ಲೇ ಮುಳುಗಿ ಆಟ ಅವನ ಕೈ ತಪ್ಪಿತು. ಪಾತ್ರ ಹಂಚಿ ಕೈ ತಪ್ಪಿದ್ದು ನಮ್ಮೂರಲ್ಲಿ ಪ್ರತಿ ವರ್ಷ ಆಗುವುದೇ, ಬಿಡಿ. ಅದೇ ಬಳಗದ ಡೇವ್ ಆರ್ನೆಸನ್ ಅದನ್ನು ಮಾಯಾವಿ, ರಾಕ್ಷಸ, ನೆಲಮಾಳಿಗೆಗಳ ಲೋಕಕ್ಕೆ ಒಯ್ದ. ಲೇಕ್ ಜಿನೀವಾದ ಗ್ಯಾರಿ ಗೈಗ್ಯಾಕ್ಸ್ ಅವನ ಜೊತೆ ಸೇರಿದ. 1974ರಲ್ಲಿ ಮೂರು ಸಣ್ಣ ಪುಸ್ತಕ ಹಾಕಿದ ಒಂದು ಪೆಟ್ಟಿಗೆ ಹೊರಬಂತು, ಮೊದಲ ಮುದ್ರಣ ಒಂದು ಸಾವಿರ. ಹೆಸರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಆಟಗಾರರಿಗೆ ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಮೇಷ್ಟ್ರು ಸನ್ನಿವೇಶ ಹೇಳುತ್ತಾನೆ, 'ಈಗ ಏನು ಮಾಡ್ತೀಯ?' ಅಂತ ಕೇಳುತ್ತಾನೆ. ನೀವು ಬಾಯಲ್ಲಿ ಹೇಳಿದ್ದೇ ನಿಮ್ಮ ಪಾತ್ರ ಮಾಡಿದ್ದು. ಆಗುತ್ತೋ ಇಲ್ಲವೋ ಅನ್ನುವ ಕಡೆ ಮಾತ್ರ ದಾಳ ಉರುಳಬೇಕು.

ನಮ್ಮವರು ಆಟ ಕಟ್ಟುವುದರಲ್ಲಿ ಹಿಂದೆ ಬಿದ್ದವರಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ 'ಶ್ರೀತತ್ತ್ವನಿಧಿ'ಯಲ್ಲಿ ಆಟಗಳಿಗೆಂದೇ ಕೌತುಕನಿಧಿ ಎಂಬ ಭಾಗವಿದೆ. ಆದರೆ ಮೈಸೂರರಮನೆಯ ಗಂಜೀಫಾ ಎಲೆಯ ಮೇಲಿನ ದೊರೆ ಬಾಯಿ ಬಿಟ್ಟು ಮಾತಾಡಲಿಲ್ಲ. ಬಯಲಾಟದ ದೊರೆ ಬೆಳಗಾಗುವ ತನಕ ಮಾತಾಡಿದ, ಅವನ ಕೈಗೆ ದಾಳ ಬರಲಿಲ್ಲ. ಬಂದದ್ದು ಶಕುನಿಯ ದಾಳ, ಅದು ಬೀಳುವುದೂ ಮೊದಲೇ ಬರೆದಿಟ್ಟ ಹಾಗೆ.

ನನಗೆ ಈ ಆಟ ಸಿಕ್ಕಿದ್ದು 1991ರಲ್ಲಿ, ಬೆಂಗಳೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ. ದುಬೈಯಲ್ಲಿ ಬೆಳೆದ ಹುಡುಗನೊಬ್ಬ ನಿಯಮ ಪುಸ್ತಕದ ಜೆರಾಕ್ಸ್ ತಂದಿದ್ದ, 1989ರ ಎರಡನೇ ಆವೃತ್ತಿ. ಕವಚ ಗಟ್ಟಿಯಾದಷ್ಟೂ ಅಂಕಿ ಕಡಿಮೆಯಾಗುವ ವಿಚಿತ್ರ ಲೆಕ್ಕ ಅದರಲ್ಲಿತ್ತು. ಶಾಲಾ ಮೇಷ್ಟ್ರ ಮಗನಾದ ಸಹಪಾಠಿಯೊಬ್ಬನಿಗೂ ಅದು ಕೊನೆಯ ತನಕ ಬಗೆಹರಿಯಲಿಲ್ಲ; 2000ದ ಮೂರನೇ ಆವೃತ್ತಿಯಲ್ಲಿ ಆಟ ಹೊರತರುವವರೇ ತಿದ್ದಿಕೊಂಡರು. ನಮ್ಮ ಬಳಿ ಇದ್ದದ್ದು ಒಂದೇ ಒಂದು ಇಪ್ಪತ್ತು ಮುಖದ ದಾಳ. ಒಂದು ರಾತ್ರಿ ವಾರ್ಡನ್ ಒಳಗೆ ಬಂದರು, ದಾಳ ನೋಡಿದರು, 'ಜೂಜು' ಅಂದರು, ಜೇಬಿಗೆ ಹಾಕಿಕೊಂಡು ಹೋದರು. ಅಮೆರಿಕದಲ್ಲಿ 1980ರ ದಶಕದಲ್ಲಿ ಈ ಆಟ ಸೈತಾನನ ಪೂಜೆ ಅಂತ ಗುಲ್ಲೆದ್ದಿತ್ತಂತೆ. ನಮ್ಮ ವಾರ್ಡನ್‌ಗೆ ಸೈತಾನನ ಹೆದರಿಕೆ ಇರಲಿಲ್ಲ, ಅವರಿಗೆ ಧರ್ಮರಾಯನ ನೆನಪಾಯಿತು.

ದಾಳ ಹೋದ ಮೇಲೆ ನಾನು ಊರಿಂದ ಹುಣಿಸೆ ಬೀಜ ತಂದೆ. ಆಗಲೇ ನನಗೆ ದಾಳದ ಗುಣ ತಿಳಿದದ್ದು. ನಾಲ್ಕು ಬೀಜ ಬೀಳುವ ಬಗೆ ಒಟ್ಟು ಹದಿನಾರು. ಬೀಜ ಎರಡೂ ಮಗ್ಗುಲಿಗೆ ಸಮನಾಗಿ ಬೀಳುತ್ತದೆ ಅಂತಿಟ್ಟುಕೊಂಡರೆ, ಎರಡರ ಗರ ಬೀಳುವುದು ಆರು ಬಗೆಯಲ್ಲಿ, ಒಂದು ಮತ್ತು ಮೂರು ನಾಲ್ಕು ನಾಲ್ಕು ಬಗೆಯಲ್ಲಿ, ಚೌಕಕ್ಕೆ ಒಂದೇ ಬಗೆ, ಬಾರಕ್ಕೂ ಒಂದೇ. ಅಂದರೆ ಹುಣಿಸೆ ಬೀಜ ಸಂಸಾರಸ್ಥರ ದಾಳ. ದಿನಾ ಎರಡೋ ಮೂರೋ ಕೊಟ್ಟು ಸಾಕುತ್ತದೆ, ಹಬ್ಬಕ್ಕೊಮ್ಮೆ ಬಾರ. ಇಪ್ಪತ್ತು ಮುಖದ ದಾಳ ಹಾಗಲ್ಲ: ಒಂದು ಬೀಳುವುದೂ ಇಪ್ಪತ್ತು ಬೀಳುವುದೂ ನೂರಕ್ಕೆ ಐದೇ. ಪಾತ್ರವನ್ನು ಹುಟ್ಟಿಸುವಾಗ ಮಾತ್ರ ಅಮೆರಿಕದವರೂ ಸಂಸಾರಸ್ಥರೇ. ಮೂರು ಸಾಮಾನ್ಯ ದಾಳ ಹಾಕಿ ಕೂಡಿಸಿದರೆ ಇನ್ನೂರ ಹದಿನಾರು ಬಗೆಯಲ್ಲಿ ಹದಿನೆಂಟು ಬರುವುದು ಒಂದೇ ಬಗೆಯಲ್ಲಿ, ಹತ್ತು ಬರುವುದು ಇಪ್ಪತ್ತೇಳು ಬಗೆಯಲ್ಲಿ. ಹುಟ್ಟುವಾಗ ಎಲ್ಲರೂ ಹೆಚ್ಚುಕಮ್ಮಿ ಒಂದೇ, ಬದುಕಿನ ಒಂದೊಂದು ಏಟು ಮಾತ್ರ ಹೇಗಾದರೂ ಬೀಳಬಹುದು ಅಂತ ಅವರ ಲೆಕ್ಕ. ನಾನು ಇಂದಿಗೂ ಇದಕ್ಕಿಂತ ಸರಿಯಾದ ಜಾತಕ ಕಂಡಿಲ್ಲ. ಪಾತ್ರದ ವಿವರ ಬರೆಯುವ ಹಾಳೆಯನ್ನು ನಾವು ಜಾತಕ ಅಂತ ಕರೆಯುವುದು ಅದಕ್ಕೇ.

ಕೆಲಸ, ಮದುವೆ, ಸಾಲ, ಈ ಮೂರರಲ್ಲಿ ಇಪ್ಪತ್ತು ವರ್ಷ ಆಟವಿಲ್ಲದೆ ಹೋಯಿತು. ಅದರ ಬಗ್ಗೆ ಹೇಳಲು ಏನಿಲ್ಲ.

2016ರಲ್ಲಿ ಚನ್ನಪಟ್ಟಣಕ್ಕೇ ವಾಪಸು ಬಂದು ನೆಲೆಸಿದಾಗ, ಮನೆಯ ತಾರಸಿಯ ಮೇಲೆ ಮತ್ತೆ ಮೇಜು ಹಾಕಿದೆ. ಈ ಸಲ ಕನ್ನಡದಲ್ಲೇ. ಪಾತ್ರದ ಆರು ಗುಣಗಳಿಗೆ ಮೊದಲು ನಾನು ಇಟ್ಟ ಹೆಸರು ಬಲ, ಚಾತುರ್ಯ, ದೇಹದಾರ್ಢ್ಯ ಇತ್ಯಾದಿ. ಆಟಗಾರರು ನಕ್ಕು ಉರುಳಾಡಿದರು. ಬಾಡಿ ಬಿಲ್ಡಿಂಗ್ ಸ್ಪರ್ಧೆಯಾ ಅಂತ ಒಬ್ಬ ಕೇಳಿದ. ಈಗ ಕಸುವು, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು. ಬುದ್ಧಿಗೂ ವಿವೇಕಕ್ಕೂ ಏನು ವ್ಯತ್ಯಾಸ ಅಂತ ಇಂಗ್ಲಿಷಿನಲ್ಲಿ ಆಡುವವರು ಪುಟಗಟ್ಟಲೆ ಜಗಳ ಆಡುತ್ತಾರೆ. ನಮ್ಮ ಮೇಜಿನಲ್ಲಿ ಆ ಪ್ರಶ್ನೆಯೇ ಬರಲಿಲ್ಲ. ಬುದ್ಧಿವಂತನಾಗಿದ್ದೂ ವಿವೇಕ ಇಲ್ಲದ ಒಬ್ಬ ಚಿಕ್ಕಪ್ಪನೋ ಮಾವನೋ ಎಲ್ಲರ ಮನೆಯಲ್ಲೂ ಇದ್ದ.

ದಾಳದ ಕಥೆ ಹೇಳಬೇಕು, ಊರು ಚನ್ನಪಟ್ಟಣವಾದ್ದರಿಂದ. ಪ್ಲಾಸ್ಟಿಕ್ ದಾಳ ಆನ್‌ಲೈನಿನಲ್ಲಿ ಸಿಗುತ್ತದೆ. ಬೊಂಬೆ ನಾಡಿನಲ್ಲಿ ಕೂತು ಪ್ಲಾಸ್ಟಿಕ್ ತರಿಸುವುದು ನಾಚಿಕೆ ಅನ್ನಿಸಿ, ಪರಿಚಯದ ಕುಶಲಕರ್ಮಿಯೊಬ್ಬರ ಬಳಿ ಹೋದೆ. ಇಪ್ಪತ್ತು ಮುಖದ ದಾಳದ ಚಿತ್ರ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, 'ಸಾರ್, ಗುಂಡಗಿರೋದು ಏನ್ ಬೇಕಾದ್ರೂ ಕೇಳಿ. ಲೇತಿಗೆ ಮೂಲೆ ಗೊತ್ತಿಲ್ಲ' ಅಂದರು. ನಾನು ಆ ತನಕ ಯೋಚಿಸಿಯೇ ಇರಲಿಲ್ಲ. ಆಲೆ ಮರದ ತುಂಡು ಲೇತಿನಲ್ಲಿ ಗಿರಗಿರ ತಿರುಗುತ್ತದೆ, ಉಳಿ ತಾಗಿಸಿದರೆ ಆಕಾರ ಬರುತ್ತದೆ. ಬಣ್ಣ ಬೆರೆಸಿದ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಕರಗಿ ಮರಕ್ಕೆ ಹತ್ತುತ್ತದೆ, ತಾಳೆ ಗರಿ ಹಿಡಿದರೆ ಹೊಳಪು. ತಿರುಗಿ ಹುಟ್ಟಿದ್ದು ದುಂಡಗೇ ಇರಬೇಕು. ಟಿಪ್ಪು ಕಾಲದಿಂದ ಬಂತು ಅನ್ನುವ, 2000ದ ದಶಕದಲ್ಲಿ ಭೌಗೋಳಿಕ ಗುರುತು ಪಡೆದ ಈ ಕಸುಬಿನ ಇಡೀ ಅಂದ ಆ ದುಂಡಗಿನಲ್ಲೇ ಇದೆ. ನನ್ನ ಆಟಕ್ಕೆ ಬೇಕಿದ್ದದ್ದು ಮೂಲೆ.

ವಾರ ಬಿಟ್ಟು ಅವರೇ ಫೋನು ಮಾಡಿದರು. ಹೋದರೆ ಕೈಗೆ ಒಂದು ಬುಗುರಿ ಇಟ್ಟರು. ಹೊಟ್ಟೆ ಅಗಲ, ಹೊಟ್ಟೆಯ ಸುತ್ತ ಅರ ಹಿಡಿದು ಹತ್ತು ಮಗ್ಗುಲು ಚಪ್ಪಟೆ ಮಾಡಿದ್ದರು. ತಿರುಗಿಸಿ ಬಿಟ್ಟರೆ ಕೊನೆಗೆ ಒಂದು ಮಗ್ಗುಲಿಗೆ ಒರಗಿ ಮಲಗುತ್ತದೆ, ಮೇಲೆ ಬಂದದ್ದೇ ಅಂಕಿ. 'ಇಪ್ಪತ್ತು ಮಾಡಿದ್ರೆ ಮಗ್ಗುಲು ಸಣ್ಣ ಆಗಿ ಉರುಳ್ತಾನೇ ಇರುತ್ತೆ ಸಾರ್. ಹತ್ತಕ್ಕೆ ಅಡ್ಜಸ್ಟ್ ಮಾಡ್ಕಳಿ.' ಹತ್ತಕ್ಕೆ ಅಡ್ಜಸ್ಟ್ ಆಗುವುದು ಹೇಗೆ? ಉತ್ತರವನ್ನು ನಮ್ಮ ಮೇಜಿಗೆ ರಾಮನಗರದಿಂದ ಬರುವ ಆಟಗಾರನೊಬ್ಬ ಕೊಟ್ಟ. ನಾಣ್ಯ ಚಿಮ್ಮು, ರಾಜನ ಮುಖ ಅಂದರೆ ಸಿಂಹದ ಮುಖ ಬಿದ್ದರೆ ಹತ್ತು ಕೂಡಿಸು. ಹತ್ತು ಮಗ್ಗುಲು, ಎರಡು ಮುಖ, ಇಪ್ಪತ್ತೂ ಸಮ ಸಮ. ವಿಚಿತ್ರ ಅಂದರೆ, ಅಮೆರಿಕದ ಮೊದಲ ಆಟಗಾರರ ಇಪ್ಪತ್ತು ಮುಖದ ದಾಳದಲ್ಲೂ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಯೇ ಎರಡೆರಡು ಸಲ ಇತ್ತು. ಅವರೂ ಹತ್ತು ಕೂಡಿಸಲು ಹೀಗೇ ಏನಾದರೂ ದಾರಿ ಮಾಡಿಕೊಳ್ಳುತ್ತಿದ್ದರು. ನಾಣ್ಯದ ವಿಷಯದಲ್ಲಿ ರಾಮನಗರದವರಿಗೆ ಯಾರೂ ಹೇಳಿಕೊಡಬೇಕಿಲ್ಲ. 1975ರ ಆಗಸ್ಟ್ 15ಕ್ಕೆ ತೆರೆ ಕಂಡ 'ಶೋಲೆ'ಯ ಜೈ, ಎರಡೂ ಕಡೆ ಒಂದೇ ಮುಖ ಇರುವ ನಾಣ್ಯ ಚಿಮ್ಮಿದ್ದು ಇದೇ ರಾಮದೇವರ ಬೆಟ್ಟದ ಬುಡದಲ್ಲಿ. ಹಾಗಾಗಿ ಆ ಗೆಳೆಯ ಮೇಜಿಗೆ ಬಂದಾಗಲೆಲ್ಲ ಅವನ ನಾಣ್ಯವನ್ನು ಎಲ್ಲರೂ ತಿರುಗಿಸಿ ನೋಡುವುದು ಒಂದು ಶಾಸ್ತ್ರ.

ಕನಕಪುರದ ಒಬ್ಬ ಹೆಣ್ಣುಮಗಳ ವಿಷಯ ಹೇಳದೆ ಮುಂದೆ ಹೋಗಲಾರೆ. ರೇಷ್ಮೆ ಮನೆಯವರು, ಹುಳ ಸಾಕಿ, ಚಂದ್ರಿಕೆಗೆ ಬಿಟ್ಟು, ಗೂಡು ಹೊತ್ತು ರಾಮನಗರದ ಮಾರುಕಟ್ಟೆಗೆ ಹಾಕಿ ಬೆಳೆದವರು. ನಾಟಕದಲ್ಲಿ ಆಗಿದ್ದರೆ ಅವರಿಗೆ ಪಾತ್ರವೇ ಇರುತ್ತಿರಲಿಲ್ಲ, ದ್ರೌಪದಿಯನ್ನೂ ನಾವು ಹೊರಗಿನಿಂದ ಕರೆಸುತ್ತೇವೆ. ನಮ್ಮ ಮೇಜಿನಲ್ಲಿ ಅವರು ದರೋಡೆಕೋರರ ನಾಯಕಿ. ಒಂದು ರಾತ್ರಿ ಗುಹೆಯ ಬಾಯಿಗೆ ಆನೆ ಗಾತ್ರದ ಜೇಡ ಬಲೆ ನೇಯ್ದಿತ್ತು. ಲೋಕದ ಎಲ್ಲ ಆಟಗಾರರೂ ಇಂಥ ಕಡೆ ಬೆಂಕಿ ಹಾಕುತ್ತಾರೆ. ಅವರು ಪಂಜು ಎತ್ತಿದವನ ಕೈ ತಡೆದರು. 'ಅಯ್ಯೋ, ಹಾಳ್ಮಾಡ್ತೀರಲ್ಲಪ್ಪ! ನೀರು ಕಾಯ್ಸಿ. ಎಳೆಯ ತುದಿ ಸಿಕ್ಕಿದ್ರೆ ಬಿಚ್ಚಬೋದು.' ಒಂದು ಗಂಟೆ ಆಟ ನೂಲು ಬಿಚ್ಚಾಣಿಕೆಯ ಮೇಲೆ ನಡೆಯಿತು. ದಾಳಕ್ಕೂ ಅವರ ಕಸುಬು ಗೊತ್ತಿತ್ತೋ ಏನೋ, ಹತ್ತೊಂಬತ್ತು ಬಿತ್ತು. ಗುಹೆ ತೆರೆಯಿತು, ಜೊತೆಗೆ ಹನ್ನೆರಡು ಲಡಿ ನೂಲು. ಜೇಡವನ್ನು ಕೊಲ್ಲುವ ಮುಂಚೆ ಅದರ ನೂಲಿಗೆ ಮಾರುಕಟ್ಟೆ ದರ ವಿಚಾರಿಸಿದ್ದು ಇಡೀ ಜಗತ್ತಿನಲ್ಲಿ ನಮ್ಮ ಮೇಜೊಂದೇ ಅಂತ ನನಗೆ ಹೆಮ್ಮೆ ಇದೆ.

ಇನ್ನು ಸಾವನದುರ್ಗ. ಮಾಗಡಿಯ ಮೇಷ್ಟ್ರೊಬ್ಬರು, ಇವರು ನಿಜವಾದ ಶಾಲಾ ಮೇಷ್ಟ್ರು, ಮಾಯಾವಿಗಳ ಕಥೆ ಸಾಕು, ನಮ್ಮ ಬೆಟ್ಟದ್ದೇ ಆಡೋಣ ಅಂದರು. 1791ರ ಡಿಸೆಂಬರ್. ಬ್ರಿಟಿಷರ ಕಾರ್ನ್‌ವಾಲಿಸನ ಸೈನ್ಯ ಕಾಡು ಕಡಿದು, ಫಿರಂಗಿ ಎಳೆದು ತಂದು ಬೆಟ್ಟದ ಬುಡಕ್ಕೆ ನಿಂತಿದೆ. ಕರಿಗುಡ್ಡ, ಬಿಳಿಗುಡ್ಡ, ನಡುವೆ ಕೊರಕಲು. ಮೇಲೆ ಟಿಪ್ಪುವಿನ ಕಾವಲು ಪಡೆ. ಇತಿಹಾಸದಲ್ಲಿ ಕೋಟೆ ಹತ್ತಿ ಹಿಡಿದದ್ದು ಒಂದೇ ದಿನದಲ್ಲಿ, ಅಷ್ಟು ದೊಡ್ಡ ಬಂಡೆ ಇಷ್ಟು ಬೇಗ ಬಿತ್ತೇ ಅಂತ ಗೆದ್ದವರೇ ಬೆರಗಾದರು. ಕಿಲ್ಲೇದಾರನ ಪಾತ್ರಕ್ಕೆ ಜನ ಸಾಲದೆ ಬಂದಾಗ, ಕಾಫಿ ಕೊಡಲು ಮೇಲೆ ಬಂದಿದ್ದ ಅಪ್ಪ ಕುರ್ಚಿ ಎಳೆದುಕೊಂಡರು.

ಮೊದಲ ತಕರಾರು ಮಾತಿನದು. 'ಅಪ್ಪ, ನೀನೀಗ ಬುರುಜಿನ ಮೇಲಿದೀಯ' ಅಂತ ನಾನು ಶುರು ಮಾಡಿದೆ. ಅಪ್ಪ ಕೈ ಎತ್ತಿದರು. 'ಮನೇಲಿ ನೀನು ತಾನು ಅನ್ನು. ಈಗ ಕಿಲ್ಲೇದಾರ. ತಾವು ಅನ್ನು.' ಇಂಗ್ಲಿಷ್ ಪುಸ್ತಕದಲ್ಲಿ ಎಲ್ಲರಿಗೂ ಒಂದೇ ಸಂಬೋಧನೆ. ಕನ್ನಡದಲ್ಲಿ ಮೇಷ್ಟ್ರು ಬಾಯಿ ತೆರೆದ ಕೂಡಲೇ ಅವನ ಲೋಕದಲ್ಲಿ ಯಾರು ದೊಡ್ಡವರು, ಯಾರು ಚಿಕ್ಕವರು ಅಂತ ಬಯಲಾಗುತ್ತದೆ. ಅವತ್ತಿನಿಂದ ನಮ್ಮಲ್ಲಿ ಜಾತಕದ ಮೊದಲ ಸಾಲಿನಲ್ಲೇ ಬರೆಯುತ್ತೇವೆ: ನೀನು, ನೀವು, ತಾವು.

ಎರಡನೇ ಪ್ರಶ್ನೆಯನ್ನು ಅಪ್ಪ ತಡವಾಗಿ, ಗೋಡೆ ಒಡೆದ ಮೇಲೆ ಕೇಳಿದರು. 'ಪುಸ್ತಕದಲ್ಲಿ ಕೋಟೆ ಬಿತ್ತು ಅಂದ್ಯಲ್ಲ. ಹಂಗಾರೆ ನಾನು ಸಾಯಲೇಬೇಕಾ?' ಇಲ್ಲ ಅಂದೆ. ಹಿಂದಿನ ಕೊರಕಲಿನಲ್ಲಿ ಇಳಿದು ಅರ್ಕಾವತಿಯ ಕಡೆ ಹೋಗಬಹುದು, ಕತ್ತಲೆ, ಬಂಡೆ ಜಾರು, ಹದಿನೇಳು ಅಥವಾ ಮೇಲೆ ಬೀಳಬೇಕು. ಐದರಲ್ಲಿ ಒಂದು ಪಾಲು ಅವಕಾಶ. ಎಪ್ಪತ್ತು ದಾಟಿದ ಅಪ್ಪ ಬುಗುರಿಯನ್ನು ಎರಡು ಬೆರಳಲ್ಲಿ ಹಿಡಿದು, ತಾಲೀಮು ಮನೆಯಲ್ಲಿ ಗದೆಗೆ ಮಾಡುತ್ತಿದ್ದ ಹಾಗೆ ಹಣೆಗೆ ಮುಟ್ಟಿಸಿ ತಿರುಗಿಸಿದರು. ಎಂಟು. ನಾಣ್ಯ ಮೇಲೆ ಹೋಯಿತು. ಸಿಂಹ. ಹದಿನೆಂಟು.

ತಾರಸಿಯ ಮೇಲೆ ಕಿರುಚಾಟ. ನನಗೆ 1981ರ ಪ್ರಶ್ನೆಗೆ ಉತ್ತರ ಸಿಕ್ಕಿದ ಹಾಗಾಗಿ ಗಂಟಲು ಕಟ್ಟಿತು. ಕಿಲ್ಲೇದಾರರು ಕೊರಕಲಲ್ಲಿ ಇಳಿದರು, ಕಾಡು ಸೇರಿದರು, ಬದುಕಿದರು. ಮುಂದೇನು ಅಂತ ಅಪ್ಪ ನೋಡಿದರು. ಮುಂದೆ ಏನೂ ಇಲ್ಲ ಅಂದೆ, ತಾವು ಗೆದ್ರಿ.

ಅಪ್ಪನ ಮುಖ ಇಳಿಯಿತು. 'ಅಷ್ಟೇನಾ? ಕತ್ಲಲ್ಲಿ ಕಳ್ಳನ ಥರ ಇಳ್ಕೊಂಡು ಹೋಗೋದಾ? ಸಾಯೋ ಸೀನು ಇಲ್ವಾ? ಸಾಯೋ ಸೀನ್ ಇಲ್ದೆ ಎಲ್ಲಿ ಹಾಡ್ಲಿ ನಾನು?'

ನಾನು ಐದಾರು ಆವೃತ್ತಿಯ ನಿಯಮ ಓದಿದವನು. ಹಾಡುವ ಜಾಗ ಎಲ್ಲಿ ಅಂತ ಯಾವುದರಲ್ಲೂ ಬರೆದಿಲ್ಲ. ಅಂತ್ಯ ಗೊತ್ತಿಲ್ಲದಿರುವುದೇ ಈ ಆಟದ ಸುಖ ಅಂತ ಮೂವತ್ತು ವರ್ಷ ನಂಬಿದ್ದೆ. ಬೀಳುವುದು ಖಾತ್ರಿ ಇದ್ದದ್ದರಿಂದಲೇ ಅಪ್ಪನಿಗೆ ಬೀಳುವುದರಲ್ಲಿ ನಾಲ್ಕು ತಿಂಗಳ ತಾಲೀಮು ಮಾಡಲು ಬಿಡುವಿತ್ತು, ರಾಗ ಹುಡುಕಲು ಬಿಡುವಿತ್ತು. ಹೋರಿಗರು ಮಾರಿದ್ದು ಗೆಲ್ಲುವುದಕ್ಕಲ್ಲ. ದಾಳ ಕೈಗೆ ಬಂದ ಮೇಲೆ ನಮಗೆ ಆ ಬಿಡುವಿಲ್ಲ. ಮುಂದಿನ ಗರ ಏನೋ ಅನ್ನುವ ಗಾಬರಿಯಲ್ಲಿ ಒಂದು ಮಾತನ್ನೂ ನಾವು ಪೂರ್ತಿ ಸವಿದು ಆಡುವುದಿಲ್ಲ. ಇದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಅಪ್ಪ ಕಾಫಿ ಲೋಟ ಎತ್ತಿಕೊಂಡು ಕೆಳಗೆ ಹೋದರು.

ಮುಂದಿನ ಶನಿವಾರ ನಾವು ಒಂದು ನಿಯಮ ಸೇರಿಸಿದೆವು. ಯಾರೇ ಆಗಲಿ ಪಾತ್ರದ ಬಾಯಲ್ಲಿ ಒಳ್ಳೆಯ ಮಾತೊಂದು ಆಡಿದಾಗ, ಮೇಜಿನಲ್ಲಿ ಮೂವರು 'ಒನ್ಸ್ ಮೋರ್' ಅಂದರೆ ಕಥೆ ಅಲ್ಲೇ ನಿಲ್ಲಬೇಕು. ದಾಳವನ್ನು ಮುಟ್ಟುವ ಹಾಗಿಲ್ಲ, ಬಿದ್ದ ಗರ ಬಿದ್ದದ್ದೇ. ಪಾತ್ರಧಾರಿ ಎದ್ದು ನಿಂತು ಆ ಮಾತನ್ನು ಇನ್ನೊಂದು ಸಲ, ಮೊದಲಿಗಿಂತ ಚೆನ್ನಾಗಿ ಆಡಬೇಕು. ಹಾಡಿದರೂ ಸರಿ. ಕಿಲ್ಲೇದಾರರು ಅರ್ಕಾವತಿ ದಾಟಿ ಈಗ ಕಬ್ಬಾಳದ ಕಡೆ ಹೊರಟಿದ್ದಾರೆ. ಹಾರ್ಮೋನಿಯಂ ಒಂದು ರಿಪೇರಿಗೆ ಕೊಟ್ಟಿದ್ದೇವೆ, ಬರುವ ವಾರ ಸಿಗುತ್ತದಂತೆ.

ಅಪ್ಪ ಕೆಮ್ಮುತ್ತಿದ್ದಾರೆ. ಹೋರಿಗರು ಒಂದು ಜೊತೆ ಅಲ್ಲವಂತೆ, ಒಂದೂವರೆ ಜೊತೆಯಂತೆ.